ದಾಕ್ಷಿಣ್ಯದ ಸಾಲ

‘ಫ್ರೀಲ್ಯಾನ್ಸ್ ಮಾಡುವವರು ದುಡ್ಡಿಗಾಗಿ ತೀರಾ ಬೆನ್ನು ಬೀಳಬಾರದು, ಸಂಬಂಧ ಕೆಡುತ್ತದೆ.’ ಜಾಹೀರಾತು ಕ್ಷೇತ್ರದ ಹಿರಿಯರೊಬ್ಬರು ಹೊಸಬರಿಗೆ ಕೊಟ್ಟ ಬುದ್ಧಿವಾದವಿದು. ಹೇಳಿದವರಿಗೆ ತಿಂಗಳು ತಿಂಗಳು ಸಂಬಳ ಬರುತ್ತದೆ ಎಂಬುದನ್ನು ಮರೆಯಬೇಡಿ. ಮಾತು ಕೊಟ್ಟ ದಿನ ಹಣ ಕೊಡದವರು ಕೆಡಿಸದ ಸಂಬಂಧ, ಕೇಳಿದವರಿಂದ ಹೇಗೆ ಕೆಟ್ಟಿತು?

ಕೆಲಸ ಮುಗಿಸಿಕೊಂಡು ಉಳಿಸಿಕೊಂಡ ಹಣ ಬಡ್ಡಿಯಿಲ್ಲದ ಸಾಲ. ಬ್ಯಾಂಕಿನಲ್ಲಾದರೆ ಅದಕ್ಕೆ ಜಾಮೀನು ಬೇಕು. ಫ್ರೀಲ್ಯಾನ್ಸ್ ಅನುವಾದಕಿಯ ಹತ್ತಿರ ‘ಸಾರ್ ಊರಲ್ಲಿಲ್ಲ ಮೇಡಂ, ಮುಂದಿನ ವಾರ ನೋಡೋಣ’ ಎಂದರೆ ಸಾಕು. ಜಿಎಸ್‌ಟಿ ನೋಂದಣಿ ಇದ್ದವರ ಪಾಡಂತೂ ಕೇಳಲೇಬೇಡಿ. ಒಂದು ಲಕ್ಷದ ಕೆಲಸಕ್ಕೆ ಬಿಲ್ ಹಾಕಿದರೆ ಶೇ 18ರಂತೆ ಹದಿನೆಂಟು ಸಾವಿರ ತೆರಿಗೆ. ಸೇವೆಗಳಿಗೆ ಸಾಮಾನ್ಯವಾಗಿ ಬಿಲ್ಲಿನ ತಾರೀಖೇ ಲೆಕ್ಕ. ಹಣ ಬಂತೋ ಇಲ್ಲವೋ ಸರ್ಕಾರ ಕೇಳುವುದಿಲ್ಲ, ಕೈಯಿಂದ ಕಟ್ಟಬೇಕು. ಅತ್ತ ಬಿಲ್ ಪಡೆದ ಕಂಪನಿ ಅದೇ ಹದಿನೆಂಟು ಸಾವಿರವನ್ನು ಹೂಡುವಳಿ ತೆರಿಗೆ ಜಮೆಯೆಂದು ಪಡೆದುಕೊಳ್ಳಬಹುದು. 180 ದಿನದೊಳಗೆ ಹಣ ಕೊಡದಿದ್ದರೆ ಮಾತ್ರ ಹಿಂದಿರುಗಿಸಬೇಕು. ಅಂದರೆ ಕೊಡದ ಹಣದ ಮೇಲೆ ಅವರಿಗೆ ಲಾಭ, ಬಾರದ ಹಣದ ಮೇಲೆ ನಮಗೆ ತೆರಿಗೆ. ಇಷ್ಟಾದ ಮೇಲೂ ಸಂಕೋಚಪಡಬೇಕಾದವರು ನಾವಂತೆ!

ಆದರೆ ಕೊಡದವರೆಲ್ಲ ಠಕ್ಕರಲ್ಲ. ಸಣ್ಣ ಸ್ಟುಡಿಯೋಗೆ ದೊಡ್ಡ ಕಂಪನಿಯಿಂದಲೇ ಹಣ ಬಂದಿರುವುದಿಲ್ಲ. ಇದು ನಿಜವಾದ ಕಷ್ಟ; ಅಂಥವರಿಗೆ ಕಂತು ಮಾಡಿಕೊಡಬಹುದು, ತಾರೀಖು ಬರೆದುಕೊಟ್ಟರೆ. ಆದರೂ ವ್ಯಾಪಾರದ ಲಾಭದಲ್ಲಿ ಪಾಲಿಲ್ಲದವರು ಅದರ ನಷ್ಟ ಹೊರಬೇಕಿಲ್ಲ. ಇನ್ನೊಂದು ಅಳುಕು ಇದಕ್ಕಿಂತ ಗಟ್ಟಿಯದು: ಕನ್ನಡ ಅನುವಾದದ ವಲಯ ಚಿಕ್ಕದು, ಜಗಳಗಂಟಿ ಎಂಬ ಹೆಸರು ಬಂದರೆ ಮುಂದಿನ ಕೆಲಸ ತಪ್ಪುತ್ತದೆ. ತಪ್ಪಬಹುದು, ನಿಜ. ಆದರೆ ಕೊಡದವರ ಮುಂದಿನ ಕೆಲಸವೆಂದರೆ ಇನ್ನೊಂದು ಬಾಕಿಯೇ. ‘ದುಡ್ಡು ಬಾರದಿದ್ದರೇನು, ಹೆಸರು ಬರುತ್ತಲ್ಲ’ ಎನ್ನುವವರಿಗೆ ಉತ್ತರ ಕೊಡುವುದೇ ದಂಡ.

ಕಾನೂನು ನಾವು ಅಂದುಕೊಂಡಷ್ಟು ಕೈಕಟ್ಟಿ ಕೂತಿಲ್ಲ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡಿಕೊಡುವ ‘ಉದ್ಯಮ್’ ನೋಂದಣಿ ಉಚಿತ. ಕೆಲಸ ಹಿಡಿಯುವ ಮೊದಲೇ ಮಾಡಿಸಿಟ್ಟುಕೊಂಡರೆ 2006ರ ಎಂಎಸ್‌ಎಂಇಡಿ ಕಾಯ್ದೆಯ ನೆರಳು ಸಿಗುತ್ತದೆ. ಒಪ್ಪಂದ ಏನೇ ಹೇಳಲಿ, ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ. ದೂರನ್ನು ಆನ್‌ಲೈನಿನಲ್ಲೇ ಈ ಕಾಯ್ದೆಯಡಿಯ ಸೌಲಭ್ಯ ಮಂಡಳಿಗೆ ಕೊಡಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸಲು ಹೊರಟ ಖರೀದಿದಾರ ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು. 90 ದಿನದಲ್ಲಿ ಇತ್ಯರ್ಥವಾಗಬೇಕೆಂಬ ನಿಯಮ ಕಾಗದದ ಮೇಲೆ ಚೆನ್ನಾಗಿದೆ, ಅಷ್ಟೆ. ಆದರೆ ಅಕೌಂಟ್ಸ್ ವಿಭಾಗವನ್ನು ಅಲುಗಾಡಿಸುವುದು ಮಂಡಳಿಗಿಂತ ಆದಾಯ ತೆರಿಗೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಗಡುವು ಮೀರಿಸಿ ಉಳಿಸಿಕೊಂಡ ಹಣವನ್ನು, ಕೊಟ್ಟ ವರ್ಷವೇ ಹೊರತು ಅದಕ್ಕೆ ಮೊದಲು ಖರ್ಚೆಂದು ತೋರಿಸುವಂತಿಲ್ಲ. ಹಾಗಾಗಿ ನೆನಪೋಲೆ ಕಳಿಸಲು ಮಾರ್ಚ್‌ನಂಥ ತಿಂಗಳು ಇನ್ನೊಂದಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಕಾಣುವಂತಿರಲಿ.

ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ. ಫೋನಿನಲ್ಲಿ ಕೇಳಿಸಿಕೊಂಡ ‘ನೋಡೋಣ’ಗಳಿಂದ ಅದು ಒಂದು ದಿನವೂ ಹೆಚ್ಚುವುದಿಲ್ಲ, ಅವಧಿ ಮುಗಿಯುವ ಮೊದಲೇ ‘ಇಷ್ಟು ಬಾಕಿ ಇದೆ’ ಎಂದು ಅವರು ಬರೆದು ಸಹಿ ಹಾಕಿಕೊಟ್ಟರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಆ ಸಹಿಯನ್ನು ಮಾತ್ರ ಬೆನ್ನು ಬಿದ್ದೇ ಪಡೆಯಬೇಕು.