ಮೂರು ತಾಸಿನ ಮುಸುರೆ

“ಮೂರು ತಾಸು ಹಿಂಗ ನೀರು ಸುರಿದ್ರ ಬಾವಿನೂ ಬತ್ತತೈತಿ” ಅಂದಳು ಅವ್ವ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಿಂದ ಪುಣೆಗೆ ಬಂದವಳ ಮೊದಲ ತಕರಾರು ನಮ್ಮ ಡಿಶ್‌ವಾಷರ್ ಮೇಲೆ. ವಾರಕ್ಕೊಮ್ಮೆ ಬರುವ ನಳದ ನೀರು ತುಂಬಿಟ್ಟುಕೊಂಡು ಸಂಸಾರ ಮಾಡಿದವಳು ಅವಳು. ನಮ್ಮ ಸೊಸೈಟಿಗೂ ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ಮಾತು ತಳ್ಳಿಹಾಕುವಂತಿರಲಿಲ್ಲ.

ಅಳೆದೇ ನೋಡೋಣ ಎಂದು ಮಷಿನ್ನಿನ ಕೊಳಕು ನೀರಿನ ಪೈಪನ್ನು ಸಿಂಕ್‌ನಲ್ಲಿಟ್ಟ ಬಕೆಟ್‌ಗೆ ಬಿಟ್ಟೆ. ಪ್ಲಗ್‌ಗೆ ಕರೆಂಟ್ ಅಳೆಯುವ ಮೀಟರ್ ಸಿಕ್ಕಿಸಿದೆ. ಮೂರು ರಾತ್ರಿ, ಮೂರು ಪ್ರೋಗ್ರಾಂ.

70 ಡಿಗ್ರಿಯ ಇಂಟೆನ್ಸಿವ್: ಎರಡೂಕಾಲು ತಾಸು, 14 ಲೀಟರ್, 1.4 ಯೂನಿಟ್. 50 ಡಿಗ್ರಿಯ ಇಕೋ: ಮೂರು ತಾಸು ಇಪ್ಪತ್ತು ನಿಮಿಷ, 10 ಲೀಟರ್, 0.9 ಯೂನಿಟ್. 45 ಡಿಗ್ರಿಯ ಕ್ವಿಕ್: ಅರ್ಧ ತಾಸು, ನೀರು ಇಕೋದಷ್ಟೇ, 0.8 ಯೂನಿಟ್, ಆದರೆ ಕುಕ್ಕರ್ ಡಬ್ಬಿಯ ಅನ್ನದ ಅಗಳು ಅಲ್ಲೇ ಇತ್ತು.

ಅತಿ ಹೆಚ್ಚು ಹೊತ್ತು ಓಡಿದ್ದಕ್ಕೆ ಇಷ್ಟು ಕಡಿಮೆ ನೀರು ಹೇಗೆ? ಒಳಗೆ ಹೊಸ ನೀರು ಸುರಿಯುತ್ತಲೇ ಇರುವುದಿಲ್ಲ. ಒಂದು ಸಲ ಮೂರು ಲೀಟರಿನಷ್ಟು ತುಂಬಿಕೊಂಡು, ಅದನ್ನೇ ಸೋಸಿ ಸೋಸಿ ಪಂಪ್ ಮತ್ತೆ ಮೇಲಕ್ಕೆ ಚಿಮ್ಮಿಸುತ್ತದೆ. ಕರೆಂಟ್ ತಿನ್ನುವುದು ಪಂಪಲ್ಲ, ನೀರು ಕಾಯಿಸುವುದು. ಜರ್ಮನಿಯ ರಸಾಯನತಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲೇ ಇದಕ್ಕೊಂದು ಲೆಕ್ಕ ಹೇಳಿದ್ದರು: ತೊಳೆಯಲು ಬೇಕಾದದ್ದು ಸಮಯ, ಬಿಸಿ, ಸಾಬೂನು, ಉಜ್ಜಾಟ. ಒಂದು ಕಡಿಮೆಯಾದರೆ ಉಳಿದದ್ದು ಹೆಚ್ಚಬೇಕು. ಇಕೋ ಬಿಸಿಯನ್ನು ಇಳಿಸಿ ಸಮಯ ಕೊಡುತ್ತದೆ. ಡಿಟರ್ಜೆಂಟ್‌ನ ಕಿಣ್ವಗಳು ಅನ್ನದ ಗಂಜಿ, ಬೇಳೆಯ ಅಂಟು ಬಿಡಿಸಲಿಕ್ಕೂ ಆ ಸಮಯವೇ ಬೇಕು.

ನಾಲ್ಕನೆಯ ರಾತ್ರಿ ಅವ್ವನ ಸರದಿ. ಬುಟ್ಟಿಯಲ್ಲಿ ನೀರು ಹಿಡಿದು, ಉಜ್ಜಿ, ಎರಡು ಸಲ ಅದ್ದಿ ತೆಗೆದಳು. 18 ಲೀಟರ್, ಕರೆಂಟ್ ಸೊನ್ನೆ. ಇಂಟೆನ್ಸಿವ್‌ಗಿಂತ ನಾಲ್ಕೇ ಲೀಟರ್ ಹೆಚ್ಚು! ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅವ್ವ ಕೇಳಿದಳು, “ನೀ ಮಷಿನ್ನಿಗೆ ಇಡೂಕಿಂತ ಮೊದ್ಲ ನಳದಾಗ ಹಿಡೀತಿಯಲ್ಲ, ಅದರ ಲೆಕ್ಕ?”

ಅಳೆದೆ. ನಾಲ್ಕು ನಿಮಿಷಕ್ಕೆ 24 ಲೀಟರ್! ಮಷಿನ್ 10 ಲೀಟರಿನಲ್ಲಿ ಮುಗಿಸುವ ಕೆಲಸಕ್ಕೆ ನಾನು ದಿನಾ 34 ಖರ್ಚು ಮಾಡುತ್ತಿದ್ದೆ. ಮಿಕ್ಕ 24 ಲೀಟರ್ ತಿಂಗಳಿಗೆ 720 ಆಗುತ್ತದೆ. ಟ್ಯಾಂಕರ್ ಬಂದಿಲ್ಲವೆಂದು ಸೊಸೈಟಿ ಗ್ರೂಪ್‌ನಲ್ಲಿ ಸಿಟ್ಟಿನ ಮೆಸೇಜ್ ಹಾಕುತ್ತಿದ್ದವನೂ ನಾನೇ.

ಈಗ ನಮ್ಮ ಮನೆಯ ಕ್ರಮ ಇಷ್ಟು. ಎಂಜಲನ್ನು ಚಮಚದಿಂದ ಕೆರೆದು ಹಸಿಕಸಕ್ಕೆ ಹಾಕುವುದು, ನಳ ಮುಟ್ಟದಿರುವುದು. ಮಷಿನ್ ತುಂಬಿದ ಮೇಲೆಯೇ ಇಕೋ ಹಾಕಿ ಮಲಗುವುದು. ಎಣ್ಣೆ ಹಿಡಿದ ಸ್ಟೀಲ್ ಕಡಾಯಿಗಳಿದ್ದ ದಿನ ಮಾತ್ರ 70 ಡಿಗ್ರಿ. ಅಲ್ಯೂಮಿನಿಯಂ ಕುಕ್ಕರ್ ಕಪ್ಪಾಗುತ್ತದೆ, ಕಬ್ಬಿಣದ ತವಾ ತುಕ್ಕು ಹಿಡಿಯುತ್ತದೆ, ಅವೆರಡು ಕೈಗೇ. ಟ್ಯಾಂಕರ್ ನೀರು ಗಡಸು, ಆದ್ದರಿಂದ ಉಪ್ಪಿನ ಡಬ್ಬಿ ಖಾಲಿ ಬಿಡುವಂತಿಲ್ಲ.

ಅವ್ವ ಮಷಿನ್ ಒಪ್ಪಿದಳೇ? ಊರಿಗೆ ಹೊರಡುವ ಹಿಂದಿನ ರಾತ್ರಿ ತನ್ನ ತಾಟನ್ನು ತಾನೇ ಒಳಗಿಟ್ಟಳು. ಚಹಾದ ಕಪ್ಪನ್ನು ಮಾತ್ರ ಬುಟ್ಟಿಯಲ್ಲೇ ತೊಳೆದಳು.