ಇನ್ನೂ ಸ್ವಲ್ಪ ಬೂಸ್ಟ್ ಬೇಕಾ?

ಮಕ್ಕಳೇ, ನಮ್ಮ ಅಲ್ ಬರ್ಷಾದಲ್ಲಿ ರಾತ್ರಿ ಹನ್ನೊಂದರ ಮೇಲೆ ಕಿಟಕಿ ತೆಗೆದರೆ ಶೇಖ್ ಝಾಯೆದ್ ರಸ್ತೆಯ ಕಡೆಯಿಂದ ಒಂದು ಸದ್ದು ಬರುತ್ತಲ್ಲ, ನಿಮ್ಮಲ್ಲಿ ಅರ್ಧ ಜನ ಅದನ್ನು ಕೇಳಿಯೇ ಕಾರಿನ ಹೆಸರು ಹೇಳ್ತೀರಿ. ನಮ್ಮ ತರಗತಿಯಲ್ಲಿ ಒತ್ತಕ್ಷರ ಮರೆಯುವ ಹುಡುಗನಿಗೂ ಯಾವ ಕಾರಿಗೆ ಎಷ್ಟು ಅಶ್ವಶಕ್ತಿ ಅನ್ನೋದು ಬಾಯಿಪಾಠ. ಅದಕ್ಕೇ ಈ ವರ್ಷ ನಾನು ಭಾಷೆಯ ಬಗ್ಗೆ ಉಪದೇಶ ಬರೆಯುವುದಿಲ್ಲ. ಕಾರಿನ ಬಗ್ಗೆಯೇ ಬರೆಯುತ್ತೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಮಾಡ್ತಿರೋದು ಸಾಫ್ಟ್‌ವೇರ್ ಕೆಲಸ. ಒಳಗಿನ ಮೆಕ್ಯಾನಿಕಲ್ ಆಸೆ ಸತ್ತಿರಲಿಲ್ಲ. ಎರಡು ವರ್ಷದ ಹಿಂದೆ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರೊಂದನ್ನು ಕೊಂಡೆ. ಕಂಪನಿಯಿಂದಲೇ ಸೂಪರ್‌ಚಾರ್ಜರ್ ಇದ್ದ ಎಂಜಿನ್. ಆರು ತಿಂಗಳು ಸ್ವರ್ಗ. ಏಳನೇ ತಿಂಗಳಿಗೆ "ಇನ್ನೂ ಸ್ವಲ್ಪ ಬೇಕು" ಅನ್ನಿಸಿತು. ಗ್ಯಾರೇಜಿನಲ್ಲಿ ವಿಚಾರಿಸಿದರೆ, "ಚಿಕ್ಕ ಪುಲ್ಲಿ ಹಾಕಿದ್ರೆ ಸಾಕು ಸಾರ್, ಎಂಜಿನ್ ಬಿಚ್ಚೋದೇ ಬೇಡ. ಕಂಪನಿಯವರು ಒಂದಿಷ್ಟು ಪವರ್ ಸುಮ್ನೆ ಬಿಟ್ಟಿರ್ತಾರೆ" ಅಂದರು. ನಾನು ಮುಂಗಡ ಕೊಡಲು ಕೈ ಜೇಬಿಗೆ ಹಾಕಿದ್ದೆ.

"ಸುಮ್ನೆ ಬಿಟ್ಟಿರ್ತಾರೆ" ಅನ್ನೋ ಆ ಮಾತು ತಪ್ಪು. ಈ ಲೇಖನ ಬರೆಯುತ್ತಿರುವುದು ಅಷ್ಟನ್ನು ಹೇಳುವುದಕ್ಕೆ.

ಸೂಪರ್‌ಚಾರ್ಜರ್ ಅಂದರೆ ಏನು? ರಜೆಯಲ್ಲಿ ಊರಿಗೆ ಹೋದಾಗ ಕಮ್ಮಾರನ ಕುಲುಮೆ ನೋಡಿದ್ದರೆ ಅರ್ಧ ಅರ್ಥವಾದ ಹಾಗೆ. ತಿದಿ ಒತ್ತಿದಂತೆಲ್ಲ ಇದ್ದಿಲು ಕೆಂಡವಾಗುತ್ತೆ, ಯಾಕೆಂದರೆ ಬೆಂಕಿಗೆ ಬೇಕಾದ್ದು ಗಾಳಿ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಾಗಿ 1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣ ಕಾರ್ಖಾನೆಯ ಊದುಕುಲುಮೆಗೂ ಹೀಗೇ ಗಾಳಿ ಊದಬೇಕಿತ್ತು. ತಮಾಷೆ ಅಂದರೆ, ಕಾರುಗಳಲ್ಲಿ ಬಳಸುವ ಒಂದು ಬಗೆಯ ಸೂಪರ್‌ಚಾರ್ಜರ್ ಹುಟ್ಟಿದ್ದೂ ಕಾರಿಗಾಗಿ ಅಲ್ಲ. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರ ಕಾರ್ಖಾನೆಗಳಿಗೂ ಊದುಕುಲುಮೆಗಳಿಗೂ ಗಾಳಿ ಊದುತ್ತಿತ್ತು. ಕಾರಿಗೆ ಬಂದದ್ದು ಆಮೇಲೆ.

ಎಂಜಿನ್ ಒಂದು ಗ್ರಾಂ ಪೆಟ್ರೋಲ್ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸಿಲಿಂಡರಿನ ಗಾತ್ರ ಬದಲಾಗದೆ ಹೆಚ್ಚು ಗಾಳಿ ತುರುಕಿದರೆ ಹೆಚ್ಚು ಪೆಟ್ರೋಲ್ ಸುಡಬಹುದು, ಹೆಚ್ಚು ಶಕ್ತಿ ಸಿಗುತ್ತೆ. ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಒತ್ತುತ್ತೇವೋ ಅದೇ ಬೂಸ್ಟ್. ಸೂಪರ್‌ಚಾರ್ಜರನ್ನು ತಿರುಗಿಸುವುದು ಎಂಜಿನ್ನಿನದೇ ಬೆಲ್ಟ್. ಅದರ ಪುಲ್ಲಿಯನ್ನು ಚಿಕ್ಕದು ಮಾಡಿದರೆ ಅದು ಇನ್ನೂ ಜೋರಾಗಿ ತಿರುಗುತ್ತೆ, ಬೂಸ್ಟ್ ಏರುತ್ತೆ. ಕೆಲಸ ಅರ್ಧ ದಿನದ್ದು. ಆಸೆ ಹುಟ್ಟಿಸುವುದೂ ಅದೇ.

ನಾನು ಮನೆಗೆ ಬಂದು ಉತ್ಸಾಹದಿಂದ ಹೇಳಿದಾಗ ಹದಿನಾಲ್ಕರ ಮಗ ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪಾ, ಜುಲೈನಲ್ಲೂ ನಡೆಯುತ್ತಾ?"

ಕಾಲೇಜಿನ ಥರ್ಮೋಡೈನಮಿಕ್ಸ್ ನೆನಪು ಮಾಡಿಕೊಂಡು ಇಬ್ಬರೂ ಲೆಕ್ಕಕ್ಕೆ ಕೂತೆವು. ಸೈಕಲ್ ಪಂಪು ಹೊಡೆದಾಗ ಅದರ ತುದಿ ಬಿಸಿಯಾಗುತ್ತಲ್ಲ, ಅದೇ ತತ್ವ: ಗಾಳಿಯನ್ನು ಒತ್ತಿದರೆ ಅದು ಕಾಯುತ್ತೆ. ಸೂಪರ್‌ಚಾರ್ಜರಿನ ದಕ್ಷತೆ ಶೇಕಡಾ 60 ಅಂತ ಹಿಡಿದೆವು. ಹೊರಗೆ 45 ಡಿಗ್ರಿ, ಬೂಸ್ಟ್ 0.5 ಬಾರ್ ಇದ್ದರೆ ಹೊರಬರುವ ಗಾಳಿ ಸುಮಾರು 110 ಡಿಗ್ರಿ. ಅದೇ ಬಿಸಿಲಲ್ಲಿ 0.7 ಬಾರಿಗೆ ಏರಿಸಿದರೆ 130 ದಾಟುತ್ತೆ. ಜನವರಿಯ 20 ಡಿಗ್ರಿಯ ಬೆಳಿಗ್ಗೆ 0.7 ಬಾರ್ ಇಟ್ಟರೆ ಸುಮಾರು 100.

ಈ ಮೂರು ಅಂಕಿ ಇನ್ನೊಮ್ಮೆ ನೋಡಿ. ಜನವರಿಯಲ್ಲಿ ಬೂಸ್ಟ್ ಏರಿಸಿದ ಎಂಜಿನ್ ಕುಡಿಯುವ ಗಾಳಿಗಿಂತ, ಜುಲೈನಲ್ಲಿ ಏನೂ ಮುಟ್ಟದ ಎಂಜಿನ್ ಕುಡಿಯುವ ಗಾಳಿಯೇ ಹೆಚ್ಚು ಬಿಸಿ! ಕಂಪನಿಯವರು "ಸುಮ್ನೆ" ಬಿಟ್ಟಿದ್ದ ಮಿಗತೆಯನ್ನು ನಮ್ಮೂರ ಬಿಸಿಲು ಆಗಲೇ ಖರ್ಚು ಮಾಡುತ್ತಿದೆ. ಇಂಟರ್‌ಕೂಲರ್ ಆ ಗಾಳಿಯನ್ನು ತಣಿಸುತ್ತೆ, ನಿಜ. ಆದರೆ ಅದೂ ನಿಂತಿರುವುದು 45 ಡಿಗ್ರಿಯಲ್ಲೇ.

ಗಾಳಿ ತೀರಾ ಬಿಸಿಯಾದರೆ ಪೆಟ್ರೋಲ್ ಕ್ರಮವಾಗಿ ಉರಿಯುವ ಬದಲು ಒಂದು ಮೂಲೆಯಲ್ಲಿ ತಾನಾಗಿ ಸಿಡಿಯುತ್ತೆ. ಇದಕ್ಕೆ ನಾಕಿಂಗ್ ಅಂತಾರೆ. ಪಿಸ್ಟನ್ ಮೇಲೆ ಸುತ್ತಿಗೆ ಏಟು ಬಿದ್ದ ಹಾಗೆ. ಇಲ್ಲಿನ ಬಂಕಿನಲ್ಲಿ 91, 95, 98 ಅಂತ ಬರೆದಿರುವುದು ಈ ಸಿಡಿತವನ್ನು ಪೆಟ್ರೋಲ್ ಎಷ್ಟು ತಡೆಯುತ್ತೆ ಅನ್ನೋ ಅಳತೆ. ಈಗಿನ ಎಂಜಿನ್ನುಗಳ ಕಂಪ್ಯೂಟರ್ ಈ ನಾಕಿಂಗನ್ನು ಗುರುತಿಸಿ, ಕಿಡಿ ಹಾರುವ ಸಮಯವನ್ನು ಹಿಂದೆ ಸರಿಸಿ, ಶಕ್ತಿ ಕಡಿಮೆ ಮಾಡುತ್ತೆ. ಅಂದರೆ ದುಡ್ಡು ಕೊಟ್ಟು ಹಾಕಿಸಿದ ಬೂಸ್ಟನ್ನು ಬೇಸಿಗೆಯಲ್ಲಿ ಎಂಜಿನ್ನೇ ವಾಪಸ್ ಕಿತ್ತುಕೊಳ್ಳುತ್ತೆ. ಕಿತ್ತುಕೊಳ್ಳಲಾಗದಿದ್ದರೆ ಪಿಸ್ಟನ್ ಒಡೆಯುತ್ತೆ, ಕನೆಕ್ಟಿಂಗ್ ರಾಡ್ ಬಾಗುತ್ತೆ. ನನ್ನ ಗೆಳೆಯರೊಬ್ಬರ ಕಾರು ಹೀಗೇ ಎಮಿರೇಟ್ಸ್ ರಸ್ತೆಯ ಬದಿಯಲ್ಲಿ ಹೊಗೆ ಬಿಟ್ಟು ನಿಂತಿತು. ಪಕ್ಕದ ಸೀಟಿನಲ್ಲಿ ಅವರ ಮಗಳಿದ್ದಳು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

"ಮತ್ತೆ ಕಂಪನಿಯವರೇ ಅದೇ ಎಂಜಿನ್ನಿಗೆ ಹೆಚ್ಚು ಪವರ್ ಕೊಟ್ಟು ಇನ್ನೊಂದು ಮಾಡೆಲ್ ಮಾರ್ತಾರಲ್ಲ ಅಂಕಲ್?" ಅಂತ ನೀವು ಕೇಳ್ತೀರಿ. ಒಳ್ಳೆ ಪ್ರಶ್ನೆ. ಅವರು ಪುಲ್ಲಿ ಒಂದನ್ನೇ ಬದಲಾಯಿಸಿ ಕೈ ತೊಳೆದುಕೊಳ್ಳುವುದಿಲ್ಲ. ಪಿಸ್ಟನ್ನು, ಇಂಜೆಕ್ಟರು, ರೇಡಿಯೇಟರು, ಬ್ರೇಕು, ಯಾವುದು ಸಾಲದೋ ಅದನ್ನೆಲ್ಲ ಬದಲಾಯಿಸುತ್ತಾರೆ. ಆಮೇಲೆ ಇದೇ ಕೊಲ್ಲಿಯ ಬಿಸಿಲಿಗೆ ತಂದು ಓಡಿಸಿ ಪರೀಕ್ಷೆ ಮಾಡುವ ಕಂಪನಿಗಳು ಎಷ್ಟೋ ಇವೆ.

ಈ ಜಗಳ ಹೊಸದೂ ಅಲ್ಲ. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಟಿಮ್ ಬಿರ್ಕಿನ್ ಅನ್ನೋ ರೇಸುಗಾರ ನಾಲ್ಕೂವರೆ ಲೀಟರಿನ ಬೆಂಟ್ಲಿಗೆ ಸೂಪರ್‌ಚಾರ್ಜರ್ ಹಾಕಿಸಿದ. ಸುಮಾರು 110 ಅಶ್ವಶಕ್ತಿಯ ಎಂಜಿನ್ ರೇಸಿನಲ್ಲಿ 240ರವರೆಗೆ ಹೋಯಿತು. ಕಾರು ಮಾಡಿದ ಡಬ್ಲ್ಯು. ಓ. ಬೆಂಟ್ಲಿಗೆ ಇದು ಇಷ್ಟವಿರಲಿಲ್ಲ. ಶಕ್ತಿ ಬೇಕಿದ್ದರೆ ಎಂಜಿನ್ ದೊಡ್ಡದು ಮಾಡೋಣ ಅನ್ನೋದು ಆತನ ವಾದ. 1930ರ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಬಿರ್ಕಿನ್ ತಂಡದ ಕಾರುಗಳು ಮಿಂಚಿನ ಹಾಗೆ ಓಡಿದವು, ಆದರೆ ಕೊನೆ ಮುಟ್ಟಲಿಲ್ಲ. ಗೆದ್ದದ್ದು ಸೂಪರ್‌ಚಾರ್ಜರ್ ಇಲ್ಲದ, ಆರೂವರೆ ಲೀಟರಿನ ಬೆಂಟ್ಲಿ ಸ್ಪೀಡ್ ಸಿಕ್ಸ್. ಇವತ್ತಿಗೂ ಜನ ಹೆಚ್ಚು ನೆನೆಯುವುದು ಬಿರ್ಕಿನ್ನನ ಕಾರನ್ನೇ ಅನ್ನೋದು ಬೇರೆ ಮಾತು!

ಇನ್ನು ಕಾನೂನು. ಈ ದೇಶದಲ್ಲಿ 2017ರಲ್ಲಿ ಜಾರಿಗೆ ಬಂದ ದಂಡಪಟ್ಟಿಯ ಪ್ರಕಾರ ಅನುಮತಿ ಇಲ್ಲದೆ ಎಂಜಿನ್ ಅಥವಾ ಚಾಸಿ ಬದಲಾಯಿಸಿದರೆ 1000 ದಿರ್ಹಂ ದಂಡ, 12 ಕಪ್ಪು ಅಂಕ, 30 ದಿನ ಗಾಡಿ ಜಪ್ತಿ. ವೇಗ ಅಥವಾ ಸದ್ದು ಹೆಚ್ಚಿಸುವ ಬದಲಾವಣೆಗಾಗಿ ಜಪ್ತಿಯಾದ ಗಾಡಿ ಬಿಡಿಸಿಕೊಳ್ಳಲು 2023ರ ದುಬೈ ಆದೇಶದಲ್ಲಿ 10,000 ದಿರ್ಹಂ. ಪುಲ್ಲಿಯ ಬೆಲೆ ಕೇಳಿದ ನಾನು ಇದನ್ನು ಯಾರನ್ನೂ ಕೇಳಿರಲಿಲ್ಲ.

ಹಾಗಂತ ಬೂಸ್ಟ್ ಏರಿಸುವುದೇ ಪಾಪ ಅಂತ ನಾನು ಹೇಳ್ತಿಲ್ಲ. ಗಟ್ಟಿ ಪಿಸ್ಟನ್, ಗಟ್ಟಿ ರಾಡ್, ತಂಪಿನ ವ್ಯವಸ್ಥೆ, ಬ್ರೇಕು, ಟೈರು ಎಲ್ಲ ಮೊದಲು, ಬೂಸ್ಟ್ ಕೊನೆಗೆ. ಅನುಮತಿ ಪಡೆದು, ದುಬೈ ಆಟೋಡ್ರೋಮಿನಂಥ ಟ್ರ್ಯಾಕಿನಲ್ಲಿ ಓಡಿಸಿದರೆ ನಾನೇ ಬಂದು ಚಪ್ಪಾಳೆ ತಟ್ಟುತ್ತೇನೆ. ನಿಮ್ಮಲ್ಲಿ ಯಾರಾದರೂ ಮುಂದೆ ಅಂಥ ಎಂಜಿನ್ ಕಟ್ಟಿದರೆ ಇನ್ನೂ ಸಂತೋಷ. ನನ್ನ ತಕರಾರು ಏನಿದ್ದರೂ ತಳಪಾಯ ಮುಟ್ಟದೆ ಮಹಡಿ ಎತ್ತುವುದರ ಬಗ್ಗೆ.

ಪೋಷಕರಿಗೂ ಒಂದು ಮಾತು. ಆ ಲೆಕ್ಕ ಮುಗಿದ ಮೇಲೆ ಮಗನ ಶನಿವಾರದ ವೇಳಾಪಟ್ಟಿ ನೋಡಿದೆ. ಬೆಳಿಗ್ಗೆ ಕೋಡಿಂಗ್, ಆಮೇಲೆ ಕನ್ನಡ, ಸಂಜೆ ಗಣಿತ. ಮಧ್ಯಾಹ್ನ ಎರಡು ಗಂಟೆ "ಸುಮ್ನೆ" ಇದ್ದಾನೆ ಅಂತ ಅಲ್ಲಿಗೂ ಏನೋ ಸೇರಿಸಲು ಹೊರಟಿದ್ದೆ. ಗ್ಯಾರೇಜಿನವರ ಮಾತು ನನ್ನ ಬಾಯಲ್ಲೇ ಇತ್ತು. ಸೇರಿಸಲಿಲ್ಲ. ಆ ಎರಡು ಗಂಟೆ ಪರೀಕ್ಷೆಯ ತಿಂಗಳಿಗೆ, ಜ್ವರದ ದಿನಕ್ಕೆ, ಬೇಜಾರಾದ ದಿನಕ್ಕೆ ಅವನ ಹತ್ತಿರ ಇರಲಿ.

ಕಾರಿನಲ್ಲಿ ಈಗಲೂ ಹಳೇ ಪುಲ್ಲಿಯೇ ಇದೆ. ಉಳಿದ ದುಡ್ಡಿನಲ್ಲಿ ಹೊಸ ಟೈರು ಹಾಕಿಸಿದೆವು. ಕಳೆದ ಆಗಸ್ಟಿನಲ್ಲಿ ಎಸಿ ಹಾಕಿಕೊಂಡೇ ಜೆಬೆಲ್ ಜೈಸ್ ಬೆಟ್ಟ ಹತ್ತಿದೆವು. ಎಂಜಿನ್ ಬಿಸಿ ತೋರಿಸುವ ಮುಳ್ಳು ಮಧ್ಯದಿಂದ ಕದಲಲಿಲ್ಲ. ಮಗ ಅದನ್ನೇ ನೋಡುತ್ತಾ ಅಂದ, "ಅಪ್ಪಾ, ಕಂಪನಿಯವರು ಬಿಟ್ಟಿದ್ದು ಈಗ ಖರ್ಚಾಗ್ತಿದೆ ನೋಡು."