ಹುಚ್ಚುನಾಯಿ ಅನ್ನುವ ಮೊದಲು

ಬ್ಯಾಸಗಿ ಬಂತು. ಬಿಸಿಯೂಟ ಆದ ಮೇಲೆ ನಾವೆಲ್ಲ ಬೇವಿನ ಮರದ ಕೆಳಗೆ ಕೂಡ್ರುತ್ತೇವೆ. ಓಣಿಯ ನಾಯಿಗಳು ಎಲ್ಲಿ ಕೂಡ್ರಬೇಕು? ಈ ಸಲ ನಾನು ಅವುಗಳ ಬಗ್ಗೆ ಬರೆಯುತ್ತೇನೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ಹೋದ ವರ್ಷ ಬ್ಯಾಸಗಿ ಸೂಟಿಯಲ್ಲಿ ನಾವು ಪಕ್ಕದ ಊರಿನ ಜಾತ್ರೆಗೆ ಹೋದೆವು. ನಮ್ಮ ನಾಯಿ ಕರಿಯಾ ಬೆನ್ನು ಹತ್ತಿ ಬರುತ್ತದೆ ಎಂದು ನಾನೇ ಅದನ್ನು ತಗಡಿನ ಚಪ್ಪರದ ಕೆಳಗೆ ಕಟ್ಟಿದೆ. ಮುಂಜಾನೆ ಅಲ್ಲಿ ನೆರಳಿತ್ತು. ಮಧ್ಯಾಹ್ನ ಬಿಸಿಲು ಬಂತು, ತಗಡೂ ಕಾಯಿತು. ನೀರಿನ ಬೋಗುಣಿ ಉರುಳಿ ಬಿದ್ದಿತ್ತು. ನಾವು 3 ಗಂಟೆಗೆ ಬಂದಾಗ ಕರಿಯಾ ನಾಲಿಗೆ ಪೂರ್ತಿ ಹೊರಗೆ ಹಾಕಿ ಜೋರಾಗಿ ತೇಕುತ್ತಿತ್ತು. ಅಂಟಂಟಾದ ಜೊಲ್ಲು ಇಳಿಯುತ್ತಿತ್ತು. ವಸಡು ಕೆಂಪಗಾಗಿತ್ತು. ಎದ್ದರೆ ಕಾಲು ನಿಲ್ಲುತ್ತಿರಲಿಲ್ಲ. ಬಾಜೂ ಮನೆಯ ಕಾಕಾ, "ಹತ್ರ ಹೋಗಬ್ಯಾಡ್ರಿ, ಅದಕ್ಕ ಹುಚ್ಚ ಹಿಡದೈತಿ" ಅಂದರು. ಹುಡುಗರು ಕಲ್ಲು ಹಿಡಿದು ನಿಂತರು.

ಅಪ್ಪ ಪಶು ಡಾಕ್ಟರಿಗೆ ಫೋನ್ ಮಾಡಿದರು. ಹುಚ್ಚಿನ ಸೂಜಿ ಮಾಡಿಸಿದ್ದೀರೇನು, ಎಷ್ಟು ತಾಸು ಬಿಸಿಲಲ್ಲಿತ್ತು ಎಂದು ಡಾಕ್ಟರು ಕೇಳಿದರು. ಸೂಜಿ ಮಾಡಿಸಿದ್ದೆವು. "ಹಂಗಾದ್ರ ಬಿಸಿಲು ಬಡದೈತಿ. ನೆರಳಿಗೆ ಒಯ್ದು ನೀರು ಹಾಕ್ರಿ, ನಾ ಬರತೀನಿ" ಅಂದರು. ಅವ್ವ ಐಸ್ ತರತೀನಿ ಅಂದಳು. "ಐಸ್ ಹುಡುಕ್ಕೋತ ಹೊತ್ತು ಕಳೀಬ್ಯಾಡ್ರಿ, ಇದ್ದ ನೀರು ಹಾಕ್ರಿ" ಅಂದರು. ಹೊಟ್ಟೆ, ತೊಡೆಸಂದು, ಕಾಲುಗಳ ಮೇಲೆ ನೀರು ಸುರಿದೆವು. ನಾನು ಮೊರದಿಂದ ಗಾಳಿ ಹಾಕಿದೆ. ಡಾಕ್ಟರು ಬಂದು ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರು. ಅಷ್ಟು ನೀರು ಹಾಕಿದ ಮೇಲೂ 105 ಡಿಗ್ರಿ ಇತ್ತು! 103ಕ್ಕೆ ಇಳಿದ ಮೇಲೆ ನೀರು ಹಾಕುವುದು ಸಾಕು ಅಂದರು. ಆಮೇಲೆ ಸಲೈನ್ ಹಚ್ಚಿದರು. ಕರಿಯಾ ಉಳಿಯಿತು.

ಅವತ್ತು ನಾನು ತಿಳಿದುಕೊಂಡದ್ದು ಇಷ್ಟು. ನಮ್ಮ ಮೈಯ ಶಾಖ 98.6 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇದ್ದರೆ ನಾಯಿಯದು ಸುಮಾರು 101ರಿಂದ 102.5 ಇರುತ್ತದೆ. ಆದ್ದರಿಂದ ಮುಟ್ಟಿದರೆ ಯಾವಾಗಲೂ ಬೆಚ್ಚಗೇ ಅನಿಸುತ್ತದೆ. ಮೂಗು ಒಣಗಿದ್ದರೆ ಜ್ವರ ಎಂಬುದೂ ನಂಬುವಂಥದ್ದಲ್ಲ. ಥರ್ಮಾಮೀಟರ್ ಇಟ್ಟರೇ ಗೊತ್ತಾಗುವುದು. ನಮಗೆ ಮೈತುಂಬ ಬೆವರು ಬರುತ್ತದೆ. ನಾಯಿಗೆ ಬೆವರುವುದು ಹೆಚ್ಚಾಗಿ ಪಾದದಲ್ಲಿ ಮಾತ್ರ. ಅದು ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಸುತ್ತ ಗಾಳಿಯೇ ಕಾದಿದ್ದರೆ ಎಷ್ಟು ತೇಕಿದರೂ ಸಾಲುವುದಿಲ್ಲ.

ಜ್ವರವೇ ಬೇರೆ, ಬಿಸಿಲು ಬಡಿಯುವುದೇ ಬೇರೆ. ಜ್ವರ ಒಳಗಿನ ರೋಗದಿಂದ ಬರುತ್ತದೆ, ಉಣ್ಣೆ ಕಚ್ಚಿದ್ದರಿಂದಲೂ ಬರಬಹುದು. ಆಗ ನಾಯಿ ಊಟ ಬಿಟ್ಟು ಮುದುರಿಕೊಂಡು ಮಲಗುತ್ತದೆ, ನಡುಗುತ್ತದೆ. ಅದಕ್ಕೆ ನೀರು ಸುರಿಯಬಾರದು, ಡಾಕ್ಟರಿಗೆ ತೋರಿಸಬೇಕು. ನಮ್ಮ ಜ್ವರದ ಮಾತ್ರೆ ಕೊಡಬಾರದು, ಪ್ಯಾರಾಸಿಟಮಾಲ್ ಹೆಚ್ಚಾದರೆ ನಾಯಿಯ ಲಿವರ್ ಕೆಡುತ್ತದೆ. ಬಿಸಿಲು ಬಡಿದ ನಾಯಿಗೆ ಒದ್ದೆ ಗೋಣಿಚೀಲ ಹೊದಿಸಿ ಬಿಡಬಾರದು, ಶಾಖ ಒಳಗೇ ಉಳಿಯುತ್ತದೆ. ಬಾಯಿ ತೆರೆದು ನೀರು ಹೊಯ್ಯಬಾರದು, ಶ್ವಾಸಕ್ಕೆ ಹೋಗುತ್ತದೆ. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಫೋನ್ ಮಾಡಬಹುದು.

ಕರಿಯಾನಿಗೆ ನಾವಿದ್ದೆವು. ಅದೇ ವಾರ ಬಸ್ ನಿಲ್ದಾಣದ ಹತ್ತಿರ ಒಂದು ಕಂದು ನಾಯಿ ಹಾಗೇ ಜೊಲ್ಲು ಸುರಿಸುತ್ತ ತೂರಾಡುತ್ತಿತ್ತು. ಹುಚ್ಚುನಾಯಿ ಎಂದು ಕಲ್ಲು ಹೊಡೆದರು. ಸತ್ತುಹೋಯಿತು. ಅದಕ್ಕೆ ಹುಚ್ಚು ಹಿಡಿದಿತ್ತೋ ಬಿಸಿಲು ಬಡಿದಿತ್ತೋ ಯಾರೂ ಕೇಳಲಿಲ್ಲ. ಎಲ್ಲ ಗೊತ್ತಿದ್ದ ನಾನೂ ಸುಮ್ಮನೆ ನಿಂತಿದ್ದೆ. ನಮ್ಮ ಜಿಲ್ಲೆಯ ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿದೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಓಣಿಯ ನಾಯಿಗೆ ಮಾತ್ರ ಕಲ್ಲು. ಇದು ಸರಿಯೇ?

"ನಿಜವಾಗ್ಲೂ ಹುಚ್ಚ ಇದ್ರ?" ಎಂದು ನೀವು ಕೇಳಬಹುದು. ಸರಿಯಾದ ಮಾತು. ಹುಚ್ಚುನಾಯಿ ರೋಗ ಬಂದರೆ ಮನುಷ್ಯ ಉಳಿಯುವುದು ಬಹಳ ಅಪರೂಪ. ಆದ್ದರಿಂದ ಗುರುತಿಲ್ಲದ ನಾಯಿ ಜೊಲ್ಲು ಸುರಿಸುತ್ತಿದ್ದರೆ ಮಕ್ಕಳು ಮುಟ್ಟಬಾರದು. ದೂರ ಸರಿದು ದೊಡ್ಡವರಿಗೆ ಹೇಳಬೇಕು. ಕಚ್ಚಿದರೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ದವಾಖಾನೆಗೆ ಹೋಗಿ ಸೂಜಿ ಮಾಡಿಸಿಕೊಳ್ಳಬೇಕು. ಆದರೆ ಕಲ್ಲು ಯಾವ ರೋಗಕ್ಕೂ ಔಷಧ ಅಲ್ಲ. ಕಲ್ಲು ಬಿದ್ದ ನಾಯಿ ಹೆದರಿ ಕಚ್ಚುವುದೇ ಹೆಚ್ಚು.

ನನ್ನ ಅಭಿಪ್ರಾಯ ಇದು. ಮನೆಯ ನಾಯಿಯನ್ನು ತಗಡಿನ ಕೆಳಗೆ ಕಟ್ಟಬೇಡಿ. ನೀರಿನ ಬೋಗುಣಿ ಉರುಳದಂತೆ ಸುತ್ತ ಕಲ್ಲಿಡಿ. ಕಲ್ಲು ಅದಕ್ಕಾದರೂ ಉಪಯೋಗವಾಗಲಿ! ವರ್ಷಕ್ಕೊಮ್ಮೆ ಹುಚ್ಚಿನ ಸೂಜಿ ಮಾಡಿಸಿ. ಮುಖ್ಯ ಗುರುಗಳಲ್ಲಿ ಒಂದು ವಿನಂತಿ. ಶಾಲೆಯ ಗೇಟಿನ ಹೊರಗೆ ನೆರಳಿನಲ್ಲಿ ಒಂದು ಮಣ್ಣಿನ ಪಾತ್ರೆ ಇಡಲು ಅಪ್ಪಣೆ ಕೊಡಿರಿ. ದಿನಾಲೂ ತಿಕ್ಕಿ ಹೊಸ ನೀರು ತುಂಬುವ ಪಾಳಿ ನಮ್ಮ 7ನೇ ತರಗತಿಯದು. ಮೊದಲ ದಿನದ ಪಾಳಿ ನನ್ನದು.

ಇಂತಿ ನಿಮ್ಮ,
7ನೇ ತರಗತಿಯ ವಿದ್ಯಾರ್ಥಿನಿ